ಪೆಟ್ರೋಲು ಸೋಸಿದ ಕಂಬಳಿ

ಬಟ್ಟಲು ಬಿಚ್ಚುವ ಮೊದಲೇ ಅದರೊಳಗೆ ಏನಿರುತ್ತದೆಂಬುದು ಗೋವಿಂದಪ್ಪನಿಗೆ ಗೊತ್ತಿತ್ತು. ವಿಮಾನದ ಎಂಜಿನ್ನಿನ ಹಿಂದೆ, ಪೆಟ್ರೋಲಿನ ಕೊಳವೆ ಎಲ್ಲಕ್ಕಿಂತ ತಗ್ಗಿಗೆ ಇಳಿಯುವ ಜಾಗದಲ್ಲಿ, ಮುಷ್ಟಿಯಷ್ಟು ಗಾತ್ರದ ಫಿಲ್ಟರಿನ ಬಟ್ಟಲಿತ್ತು. ಅದರ ತಂತಿ ಕತ್ತರಿಸಿ, ತಿರುಪು ಸಡಿಲಿಸಿ, ತಟ್ಟೆಗೆ ಬಗ್ಗಿಸಿದಾಗ ಮೊದಲು ಪೆಟ್ರೋಲು ಬಂತು, ಆಮೇಲೆ ಹಿಟ್ಟು ಕದಡಿದಂಥ ಬೂದುಬಣ್ಣದ ಗಸಿ ಬಂತು, ಕೊನೆಗೆ ಜಾಲರಿಗೆ ಮೆತ್ತಿಕೊಂಡಿದ್ದ ಕರೀ ಕೂದಲು. ಕೂದಲಲ್ಲ, ಉಣ್ಣೆ. ಇದು ಕೂದಲು, ಇದು ಉಣ್ಣೆ ಎಂದು ಹೇಳಲು ಮಾಡದಕೆರೆಯ ಕುರುಬರ ಮನೆಯಲ್ಲಿ ಹುಟ್ಟಿದವನಿಗೆ ಭೂತಗನ್ನಡಿ ಬೇಕಿಲ್ಲ. ಅವನು ಅದನ್ನು ಹೆಬ್ಬೆರಳಿನಿಂದ ಮುಚ್ಚಿದ. ಹಿಂದೆ ನಿಂತಿದ್ದ ಪೈಲಟ್ ಕ್ಯಾಪ್ಟನ್ ಬಿಲಿಮೋರಿಯಾ ಏನು ಸಿಕ್ಕಿತು ಎಂದು ಹಿಂದಿಯಲ್ಲಿ ಕೇಳಿದರು. ಕಸ ಸಾಬ್, ಎಂದ ಗೋವಿಂದಪ್ಪ. ಹೆಬ್ಬೆರಳಿಗೆ ಪೆಟ್ರೋಲಿನ ತಂಪು ತಾಗುತ್ತಿತ್ತು. ಚಿಕ್ಕವನಿದ್ದಾಗ ಅವ್ವನ ಮಡಕೆಯಿಂದ ಬೆಣ್ಣೆ ಕದ್ದು, ಕೇಳಿದರೆ ಬಾಯಿ ಬಿಡದೆ, ಬೆಣ್ಣೆ ಹತ್ತಿದ ಬೆರಳನ್ನು ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದುದು ನೆನಪಾಯಿತು. ಆಗ ಅವ್ವ ಕೈ ತೋರಿಸು ಎನ್ನುತ್ತಿರಲಿಲ್ಲ. ಇನ್ನೊಂದು ಚೂರು ಕೊಡಲೇ ಎನ್ನುತ್ತಿದ್ದಳು. ಅದೇ ಹೆಚ್ಚು ಕಷ್ಟವಾಗುತ್ತಿತ್ತು.

ಎಪ್ಪತ್ತನಾಲ್ಕರ ಶ್ರಾವಣ. ಐಮಂಗಲದ ಹೆದ್ದಾರಿಯಿಂದ ಒಂದು ಮೈಲಿ ಒಳಗೆ, ಕೆಂಪು ನೆಲವನ್ನು ಉದ್ದಕ್ಕೆ ಮಟ್ಟ ಮಾಡಿ ವಿಮಾನ ಇಳಿಯುವ ಬಯಲು ಮಾಡಿದ್ದರು. ಹಿರಿಯೂರು, ಹೊಸದುರ್ಗದ ಕಡೆಯ ಶೇಂಗಾ ಬೆಳೆಗೆ ಬಿದ್ದ ಹುಳಕ್ಕೆ ಆಕಾಶದಿಂದ ಔಷಧಿ ಸಿಂಪಡಿಸುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಹುಳ ಬಂದದ್ದು ಆಷಾಢದಲ್ಲಿ, ಕಡತ ಹೊರಟದ್ದು ಆಷಾಢದಲ್ಲಿಯೇ. ಆದರೆ ಹುಳಕ್ಕೆ ಕಾಲುಗಳು ಹೆಚ್ಚಿದ್ದುದರಿಂದ ಅದು ಬೇಗ ನಡೆದು, ಎಲೆ ಮುಗಿಸಿ, ಮಣ್ಣಿಗಿಳಿದು ಮಲಗಿತ್ತು. ಆಮೇಲೆ ವಿಮಾನ ಬಂತು. ಬಾಂಬೆಯ ಕಂಪನಿಯೊಂದರ ಹಳೇ ಹಳದಿ ವಿಮಾನ, ಒಬ್ಬ ಪೈಲಟ್, ಒಬ್ಬ ಮೆಕ್ಯಾನಿಕ್. ವಾಯುಪಡೆಯಲ್ಲಿ ಒಂಬತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿ ಬಂದ ಗೋವಿಂದಪ್ಪನೇ ಆ ಮೆಕ್ಯಾನಿಕ್. ತನ್ನ ಜಿಲ್ಲೆಗೇ ಕೆಲಸ ಬಿದ್ದದ್ದು ಅವನಿಗೆ ಹೆಮ್ಮೆ. ಊರಿನವರು ಕೇಳಿದರೆ, ನಾನಿಲ್ಲದೆ ಅದು ಹಾರಂಗಿಲ್ಲ ಎನ್ನುತ್ತಿದ್ದ. ನಿನ್ನೆ ಅದು ಹಾರಿ, ಹತ್ತು ನಿಮಿಷಕ್ಕೆ ಕೆಮ್ಮಿ, ಒಮ್ಮೆ ಪೂರ್ತಿ ಉಸಿರು ಬಿಟ್ಟು, ಮತ್ತೆ ಹಿಡಿದು, ಜಾಲಿಗಿಡಗಳ ತುದಿ ಸವರಿಕೊಂಡು ಹೇಗೋ ಬಂದು ಇಳಿದಿತ್ತು. ಕ್ಯಾಪ್ಟನ್ ಕೆಳಗಿಳಿದರು. ಸಿಗರೇಟು ಹಚ್ಚಲು ಹೋಗಿ ಎರಡು ಕಡ್ಡಿ ಮುರಿದರು. ಆ ಎರಡು ಕಡ್ಡಿ ಇನ್ನೂ ಡೇರೆಯ ಬಾಗಿಲಲ್ಲಿ ಬಿದ್ದಿದ್ದವು. ಗೋವಿಂದಪ್ಪ ಬೆಳಿಗ್ಗೆಯಿಂದ ಅವನ್ನು ದಾಟಿಕೊಂಡು ಓಡಾಡುತ್ತಿದ್ದ.

ಡ್ರಮ್ಮಿನಿಂದ ಟ್ಯಾಂಕಿಗೆ ಪೆಟ್ರೋಲು ಹಾಕುವಾಗ ಆಲಿಕೆಯ ಬಾಯಿಗೆ ಒಂದು ಮೆದು ಚರ್ಮ ಕಟ್ಟಬೇಕು. ಪೆಟ್ರೋಲನ್ನು ಬಿಟ್ಟುಕೊಟ್ಟು ನೀರನ್ನೂ ಕಸವನ್ನೂ ಮೇಲೇ ಉಳಿಸಿಕೊಳ್ಳುವ ಚರ್ಮ, ಕಂಪನಿಯೇ ಕಳಿಸಿದ್ದು. ವಾರದ ಹಿಂದೆ ಅದನ್ನು ಡೇರೆಯ ಹಗ್ಗದ ಮೇಲೆ ಒಣಗಲು ಹಾಕಿದ್ದಾಗ ಕಾವಲುಗಾರ ಜುಂಜಪ್ಪನ ನಾಯಿ ಎಳೆದುಕೊಂಡು ಹೋಯಿತು. ನಾಯಿಯ ತಪ್ಪೇನಿಲ್ಲ, ಅದು ಕುರಿಯ ಚರ್ಮ, ನಾಯಿಗೆ ಅದು ಬಾಂಬೆಯಿಂದ ಬಂದದ್ದೆಂದು ಗೊತ್ತಿರಲಿಲ್ಲ. ಚರ್ಮ ಹೋಯಿತೆಂದು ಕಾಗದ ಬರೆದರೆ, ಹೇಗೆ ಹೋಯಿತು ಎಂದು ಕೇಳುತ್ತಾರೆ. ನಾಯಿ ತಿಂದಿತು ಎಂದು ಒಂಬತ್ತು ವರ್ಷ ವಾಯುಪಡೆಯಲ್ಲಿದ್ದವನು ಬರೆಯುವುದು ಹೇಗೆ? ಯುದ್ಧದ ಕಾಲದಲ್ಲಿ ಉಣ್ಣೆಯ ಹ್ಯಾಟಿನಲ್ಲಿ ಪೆಟ್ರೋಲು ಸೋಸುತ್ತಿದ್ದೆವು ಎಂದು ಹಳೇ ಸಾರ್ಜೆಂಟ್ ಒಬ್ಬ ಹೇಳಿದ್ದು ಆಗ ಗೋವಿಂದಪ್ಪನಿಗೆ ಹೊಳೆಯಿತು. ಹ್ಯಾಟೂ ಉಣ್ಣೆ, ಕಂಬಳಿಯೂ ಉಣ್ಣೆ. ಭಾನುವಾರ ಮಾಡದಕೆರೆಗೆ ಹೋಗಿ, ಹಳೇ ಕಂಬಳಿಯ ತುಂಡೊಂದು ಕೊಡವ್ವ, ತೊಳೆದು ತೊಳೆದು ಮೆತ್ತಗಾಗಿರಬೇಕು ಎಂದು ಕೇಳಿದ. ಅವ್ವ ಮಲ್ಲಕ್ಕ, ಯಾಕೆ ಎಂದಳು. ವಿಮಾನಕ್ಕೆ ಎಂದ. ಅವಳು ಒಲೆಯ ಮೇಲಿದ್ದ ಮುದ್ದೆಯನ್ನೂ ಮರೆತು ಎದ್ದು ಹೋದಳು. ಬಸ್ಸು ಹೊರಡುವ ಹೊತ್ತಿಗೆ ರೊಟ್ಟಿ ಗಂಟಿನ ಜೊತೆ ಮಡಿಸಿಟ್ಟ ತುಂಡು ಕೊಟ್ಟಳು. ಹಿರಿಯೂರಿಗೆ ಬಂದು ಬಿಚ್ಚಿದರೆ ಹೊಚ್ಚ ಹೊಸದು. ಮಗ್ಗದಿಂದ ಆಗ ತಾನೇ ಇಳಿದದ್ದು, ಹುಣಸೆಬೀಜದ ಗಂಜಿ ಒಣಗಿ ಹಲಗೆಯಂತೆ ಬಿಗಿದುಕೊಂಡಿದ್ದದ್ದು. ಅದಕ್ಕಾಗಿ ಅವಳು ಮಗ್ಗದ ಕಂಬಳಿಯನ್ನೇ ಕತ್ತರಿಸಿದ್ದಳು. ಆಕಾಶಕ್ಕೆ ಹೋಗುವುದಕ್ಕೆ ಹಳೇದು ಕೊಡುವುದುಂಟೇ? ತೊಳೆದುಕೊಳ್ಳಬಹುದಿತ್ತು. ಗಂಜಿ ಬಿಡಿಸಲು ಎರಡು ದಿನ ನೆನೆಹಾಕಬಹುದಿತ್ತು. ಆದರೆ ಮಾರನೆಯ ದಿನವೇ ಟ್ಯಾಂಕು ತುಂಬಿಸಬೇಕಿತ್ತು. ಅವನು ಆಲಿಕೆಗೆ ಅದನ್ನೇ ಕಟ್ಟಿದ. ಪೆಟ್ರೋಲು ಚೆನ್ನಾಗಿಯೇ ಇಳಿಯಿತು. ಪೆಟ್ರೋಲಿನ ಜೊತೆ ಗಂಜಿಯ ಪುಡಿಯೂ, ಕತ್ತರಿಸಿದ ಅಂಚಿನ ಎಳೆಗಳೂ ಇಳಿದವು ಎಂಬುದು ನಿನ್ನೆ ಎಂಜಿನ್ ಕೆಮ್ಮಿದಾಗ ತಿಳಿಯಿತು.

ತಪ್ಪು ಎಲ್ಲಿದೆಯೆಂದು ಗೊತ್ತಿರುವವನು ಹುಡುಕುವಷ್ಟು ಶ್ರದ್ಧೆಯಿಂದ ಬೇರೆ ಯಾರೂ ಹುಡುಕಲಾರರು. ಗೋವಿಂದಪ್ಪ ಟ್ಯಾಂಕಿನ ಮುಚ್ಚಳ ತೆಗೆದು, ಗಾಳಿ ಹೋಗುವ ಸಣ್ಣ ತೂತಿನಲ್ಲಿ ಕಣಜ ಗೂಡು ಕಟ್ಟಿದೆಯೇ ಎಂದು ಕಡ್ಡಿ ಹಾಕಿ ನೋಡಿದ. ಆ ತೂತು ಮುಚ್ಚಿದರೂ ಪೆಟ್ರೋಲು ಇಳಿಯುವುದಿಲ್ಲ. ಮುಚ್ಚಿರಲಿಲ್ಲ. ಟ್ಯಾಂಕಿನ ತಳದಿಂದ ಗಾಜಿನ ಲೋಟಕ್ಕೆ ಪೆಟ್ರೋಲು ಹಿಡಿದು, ಬಿಸಿಲಿಗೆ ಎತ್ತಿ, ನೀರಿನ ಗುಳ್ಳೆ ಉಂಟೇ ಎಂದು ಸಾಬೀತಿಗಾಗಿ ಎಲ್ಲರಿಗೂ ತೋರಿಸಿದ. ಇರಲಿಲ್ಲ. ಕೊಳವೆ ಎಲ್ಲಿಯಾದರೂ ಎಂಜಿನ್ನಿನ ಬಿಸಿಗೆ ತಾಗಿ ಪೆಟ್ರೋಲು ಆವಿಯಾಗುತ್ತಿದೆಯೇ ಎಂದು ಉದ್ದಕ್ಕೂ ಕೈಯಾಡಿಸಿದ. ಇಲ್ಲ. ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಜೋಡಿಸಿ ಒರೆಸಿದ. ನೋಡುವವರಿಗೆ ಅದು ಪೂಜೆಯಂತೆ ಕಂಡಿರಬೇಕು. ಕ್ಯಾಪ್ಟನ್ ಗಂಭೀರವಾಗಿ ತಲೆಯಾಡಿಸಿದರು. ಮಾಡದೇ ಉಳಿದದ್ದು ಒಂದೇ ಪರೀಕ್ಷೆ. ಎಂಜಿನ್ನಿಗೆ ಹೋಗುವ ಕೊಳವೆಯ ಬಾಯಿ ಕಳಚಿ, ಡಬ್ಬಕ್ಕೆ ಬಿಟ್ಟು, ಗಡಿಯಾರ ಹಿಡಿದು, ಎಷ್ಟು ಹೊತ್ತಿನಲ್ಲಿ ತುಂಬುತ್ತದೆ ಎಂದು ನೋಡುವುದು. ನೋಡಿದರೆ ಹರಿವು ಸಣ್ಣಗಿದೆಯೆಂದು ತಿಳಿಯುತ್ತದೆ. ಸಣ್ಣಗಿದೆಯೆಂದರೆ, ಬಟ್ಟಲು ತೊಳೆದಮೇಲೂ ಸಣ್ಣಗೇಕಿದೆ ಎಂಬ ಪ್ರಶ್ನೆ ಏಳುತ್ತದೆ. ಎದ್ದರೆ ಟ್ಯಾಂಕಿನೊಳಗಿನ ಬೆರಳುದ್ದದ ಜಾಲರಿಯನ್ನು ಬಿಚ್ಚಬೇಕಾಗುತ್ತದೆ. ಅಲ್ಲಿ ಉಳಿದದ್ದೆಲ್ಲ ಇದೆ. ಹರಿವು ನೋಡಿದಿಯಾ ಎಂದು ಕ್ಯಾಪ್ಟನ್ ಕೇಳಿದಾಗ, ಠೀಕ್ ಹೈ ಸಾಬ್ ಎಂದ. ಹೇಳುವಾಗ ತನ್ನ ದನಿ ಬಹಳ ಸಹಜವಾಗಿ ಬಂದದ್ದು ಕೇಳಿ ಅವನಿಗೇ ಭಯವಾಯಿತು.

ಎಂಟು ಗಂಟೆಗೆ ಸಿಂಪಡಣೆಯ ವಿಶೇಷಾಧಿಕಾರಿ ಮುರುಗಪ್ಪನವರ ಜೀಪು ಬಂತು. ಹಿಂದಿನ ಸೀಟಿನಲ್ಲಿ ಟೈಪ್‌ರೈಟರನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡು ಗುಮಾಸ್ತ ನಾಗಣ್ಣ ಇದ್ದ. ಹನ್ನೊಂದಕ್ಕೆ ಮಂತ್ರಿಗಳು ಹಸಿರು ಬಾವುಟ ಬೀಸುತ್ತಾರೆ, ವಿಮಾನ ಅವರ ತಲೆಯ ಮೇಲೆ ಹಾರಬೇಕು, ಆಮೇಲೆ ಸನ್ಮಾನ. ಸನ್ಮಾನಕ್ಕೆ ಮಾಡದಕೆರೆಯ ಕಂಬಳಿಯನ್ನು ಗೋವಿಂದಪ್ಪನ ಮೂಲಕವೇ ಹೇಳಿ ನೇಯಿಸಿದ್ದರು. ಅವನ ಅವ್ವ ಅದನ್ನು ತೆಗೆದುಕೊಂಡು ಬೆಳಗಿನ ಬಸ್ಸಿಗೆ ಹೊರಟಿರಬೇಕು. ವಿಮಾನ ಕೆಟ್ಟಿದೆ ಎಂಬುದು ಮುರುಗಪ್ಪನವರಿಗೆ ವೈಯಕ್ತಿಕ ಅವಮಾನದಂತೆ ಕಂಡಿತು. ಕಾರಣ ತಿಳಿದು ವರದಿಯಾಗಬೇಕು ಎಂದರು. ಕೂರಲು ಕುರ್ಚಿಗಳು ಇನ್ನೂ ಹಿರಿಯೂರಿನಿಂದ ಬಂದಿರಲಿಲ್ಲ. ಜುಂಜಪ್ಪ ಹೆಗಲ ಮೇಲಿನ ಕಂಬಳಿಯನ್ನು ತೆಗೆದು, ಕೊಡವಿ, ಜಾಲಿಮರದ ಚೂರು ನೆರಳಿಗೆ ಹಾಸಿದ. ಈ ಬಯಲು ಅವನ ಕುರಿಗಳು ತಲೆತಲಾಂತರದಿಂದ ಮೇಯುತ್ತಿದ್ದ ಜಾಗ. ಮಟ್ಟ ಮಾಡಿದಾಗ ಅವನಿಗೆ ಕಾವಲಿನ ಕೆಲಸ ಕೊಟ್ಟು, ಅಂಚಿನಲ್ಲಿ ಕುರಿ ಮೇಯಿಸಿಕೊಳ್ಳಲು ಬಾಯಿಮಾತಿನಲ್ಲಿ ಬಿಟ್ಟಿದ್ದರು.

“ಕುಂತ್ಕಳ್ರಿ ಸಾಹೇಬ್ರೆ,” ಎಂದ ಜುಂಜಪ್ಪ. “ವಿಚಾರಣೆಗೆ ಇದೇ ಚೆಂದ. ಕಂಬಳಿ ಮ್ಯಾಲೆ ಕುಂತೋನು ಸುಳ್ಳು ಹೇಳಂಗಿಲ್ಲ, ನಮ್ಮ ಹಟ್ಟಿ ನ್ಯಾಯ ಎಲ್ಲಾ ಇದರ ಮ್ಯಾಲೇ ಆಗೋದು.”

ಮುರುಗಪ್ಪನವರು ನಕ್ಕು ಕುಳಿತರು. ಸತ್ಯದ ಬಗ್ಗೆ ಅವರಿಗೆ ಅಂಜಿಕೆ ಇರಲಿಲ್ಲ, ಅವರು ಏನಿದ್ದರೂ ಹೇಳುವುದು ಬರವಣಿಗೆಯಲ್ಲಿ. ಕ್ಯಾಪ್ಟನ್ ಕುಳಿತರು. ನಾಗಣ್ಣ ಕುಳಿತ. ಬಾರೋ ಗೋವಿಂದ ಎಂದು ಜುಂಜಪ್ಪ ಜಾಗ ಬಿಟ್ಟ. ಪ್ಯಾಂಟಿಗೆ ಎಣ್ಣೆ ಆಗಿದೆ, ಕಂಬಳಿ ಕೆಡುತ್ತದೆ ಎಂದು ಹೇಳಿ ಗೋವಿಂದಪ್ಪ ಮೊಳ ದೂರದ ಬರೀ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಅವನಪ್ಪ ಬದುಕಿದ್ದಾಗ ಒಮ್ಮೆ ಕಳೆದ ಟಗರಿನ ನ್ಯಾಯದಲ್ಲಿ ಕದ್ದವನು ಹೀಗೇ, ಕಾಲಿಗೆ ಹುಣ್ಣಾಗಿದೆ ಎಂದು ಹೇಳಿ ಕಂಬಳಿಗೆ ತಾಗದೆ ಕೂತಿದ್ದ. ಯಾರೂ ಅವನನ್ನು ಏನೂ ಕೇಳಲಿಲ್ಲ. ಕೂತ ರೀತಿಯಿಂದಲೇ ತೀರ್ಮಾನವಾಗಿತ್ತು. ಗೋವಿಂದಪ್ಪ ಜುಂಜಪ್ಪನ ಮುಖ ನೋಡಿದ. ಮುದುಕ ಹೊಗೆಸೊಪ್ಪು ತಿಕ್ಕುತ್ತ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದ.

ಬಟ್ಟಲಿನ ಕಸದಲ್ಲಿ ಕ್ಯಾಪ್ಟನ್ ಕಣ್ಣಿಗೆ ಬಿದ್ದಿದ್ದ ಕರೀ ಎಳೆಗಳನ್ನು ಕಾಗದದ ಮೇಲೆ ಇಟ್ಟು ಎಲ್ಲರೂ ಬಗ್ಗಿ ನೋಡಿದರು. ಇದು ಹುಳದ ರೋಮವಿರಬೇಕು, ಹುಳಗಳು ಸೇಡು ತೀರಿಸಿಕೊಳ್ಳುತ್ತಿವೆ ಎಂದು ನಾಗಣ್ಣ ಹೇಳಿದ. ಯಾರೂ ನಗದಿದ್ದಾಗ ಅದನ್ನು ಗಂಭೀರವಾಗಿಯೇ ಹೇಳಿದಂತೆ ಮುಖ ಮಾಡಿದ. ಮುರುಗಪ್ಪನವರು ತಲೆಯೆತ್ತಿದಾಗ ಅಂಚಿನಲ್ಲಿ ಜುಂಜಪ್ಪನ ಕುರಿಗಳು ಕಂಡವು. ಒಂದು ಕರೀ ಕುರಿ ಪೆಟ್ರೋಲಿನ ಡ್ರಮ್ಮಿಗೆ ಬೆನ್ನು ಉಜ್ಜಿಕೊಳ್ಳುತ್ತ, ಕಣ್ಣು ಮುಚ್ಚಿ ಸುಖದಲ್ಲಿತ್ತು. ಅಷ್ಟು ಸಾಕಾಯಿತು. ಕಾರಣ ಕಣ್ಣೆದುರಿಗೇ ನಿಂತು ಮೈ ಉಜ್ಜುತ್ತಿರುವಾಗ ಬೇರೆ ಹುಡುಕುವುದು ಕಾಲಹರಣ. ಜೀಪಿನ ಬಾನೆಟ್ಟಿನ ಮೇಲೆ ಟೈಪ್‌ರೈಟರ್ ಏರಿತು. ಕಾವಲುಗಾರನ ಅಲಕ್ಷ್ಯದಿಂದ ಜಾನುವಾರುಗಳ ಕೂದಲು ಗಾಳಿಯ ಮುಖಾಂತರ ಇಂಧನ ಸೇರಿರುವುದು, ಕಾವಲುಗಾರನನ್ನು ಇಂದಿನಿಂದಲೇ ಬಿಡುಗಡೆ ಮಾಡಿರುವುದು, ಬಯಲಿಗೆ ಕುರಿಗಳ ಪ್ರವೇಶವನ್ನು ಶಾಶ್ವತವಾಗಿ ನಿಷೇಧಿಸಿರುವುದು, ಮೂರು ಪ್ರತಿ. ಗಾಳಿ ಯಾವ ದಿಕ್ಕಿನದು ಎಂದು ನಾಗಣ್ಣ ಕೇಳಿದ. ಪಶ್ಚಿಮ ಎಂದರು ಮುರುಗಪ್ಪನವರು. ಶ್ರಾವಣದ ಗಾಳಿ ಪಶ್ಚಿಮದ್ದೇ ಆದ್ದರಿಂದ ವರದಿಯಲ್ಲಿ ಒಂದು ನಿಜವೂ ಸೇರಿತು.

ಜುಂಜಪ್ಪ ಏನೂ ವಾದಿಸಲಿಲ್ಲ. ಮೇಯಿಸಲು ಎಲ್ಲಿಗೆ ಹೋಗಲಿ ಎಂದಷ್ಟೇ ಕೇಳಿದ. ಅದು ಈ ವರದಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಮುರುಗಪ್ಪನವರು ಸೌಜನ್ಯದಿಂದಲೇ ಹೇಳಿದರು.

ಬಟ್ಟಲು ತೊಳೆದು ಕಟ್ಟಿ ಎಂಜಿನ್ ಸುರುಮಾಡಿದಾಗ ಅದು ಹೂವಿನಂತೆ ಓಡಿತು. ನೆಲದ ಮೇಲೆ ಓಡುತ್ತದೆ, ಗೋವಿಂದಪ್ಪನಿಗೆ ಗೊತ್ತು. ನೆಲದ ಮೇಲೆ ಅದಕ್ಕೆ ಹಸಿವು ಕಡಿಮೆ, ತೊಟ್ಟು ತೊಟ್ಟು ಬಂದರೂ ಸಾಕು. ಪೂರ್ತಿ ಬಲ ಕೇಳಿ ಏರುವಾಗ, ಎಳೆತದ ಜೋರಿಗೆ ಉಣ್ಣೆಯೆಲ್ಲ ಬಂದು ಟ್ಯಾಂಕಿನ ಜಾಲರಿಗೆ ಒತ್ತಿಕೊಳ್ಳುತ್ತದೆ. ಹತ್ತು ನಿಮಿಷ. ಮಂತ್ರಿಗಳ ತಲೆಯ ಮೇಲೆ ಬರುವ ಹೊತ್ತಿಗೆ ಸರಿಯಾಗಿ ಹತ್ತು ನಿಮಿಷ ಆಗುತ್ತದೆ. ಮುರುಗಪ್ಪನವರ ಹತ್ತಿರ ಹೋಗಿ, ಟ್ಯಾಂಕೊಂದು ಬರಿದು ಮಾಡಿ, ತೊಳೆದು, ಮತ್ತೆ ಸೋಸಿ ತುಂಬಿದ್ದರೆ ಒಳ್ಳೇದಿತ್ತು ಸಾರ್, ಎಲ್ಲಾ ಸೇರಿ ನಾಲ್ಕು ಗಂಟೆ ಕೆಲಸ ಎಂದ. ಕಾರಣ ಸಿಕ್ಕಿ ಆಯಿತಲ್ಲಪ್ಪ, ಮತ್ತೆ ಯಾಕೆ ಎಂದರು. ಹೌದು ಸಾರ್ ಎಂದು ಹಿಂದಿರುಗಿದ. ಹೌದು ಎಂದದ್ದು ತಾನೇ ಎಂಬುದು ಡೇರೆಗೆ ಬಂದ ಮೇಲೆ ಹೊಳೆಯಿತು. ಡೇರೆಯಲ್ಲಿ ಕ್ಯಾಪ್ಟನ್ ತಗಡಿನ ಡಬ್ಬಿ ಮುಂದೆ ಹಿಡಿದರು. ವಾರಕ್ಕೊಮ್ಮೆ ಅವರ ತಾಯಿ ಬಾಂಬೆಯಿಂದ ನಾನ್‌ಖಟಾಯಿ ಬಿಸ್ಕತ್ತು ಕಳಿಸುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಮಗ ಹಾರುವ ಊರಿನ ಹೆಸರು ಉಚ್ಚರಿಸಲು ಬರದೆ ಪಾರ್ಸಲಿನ ಮೇಲೆ ಅದನ್ನು ಮೂರು ಥರ ಬರೆಯುತ್ತಿದ್ದಳಂತೆ. ಎರಡು ತಗೋ ಎಂದರು. ಗೋವಿಂದಪ್ಪ ಒಂದು ತಗೊಂಡ. ಅದು ಬಾಯಲ್ಲಿ ಕರಗಲಿಲ್ಲ, ಪುಡಿಯಾಗಿ ನಾಲಗೆಯ ಮೇಲೇ ನಿಂತಿತು, ಗಂಜಿಯ ಪುಡಿಯ ಹಾಗೆ. ಇವರ ತಾಯಿಯೂ ತನ್ನ ತಾಯಿಯೂ ಎಂದೂ ಭೇಟಿಯಾಗಲಾರರು, ಆದರೆ ಇನ್ನೊಂದು ಗಂಟೆಯಲ್ಲಿ ಒಬ್ಬಳು ಕೊಟ್ಟ ತುಂಡು ಇನ್ನೊಬ್ಬಳ ಡಬ್ಬಿಯನ್ನು ಖಾಯಮ್ಮಾಗಿ ನಿಲ್ಲಿಸಬಹುದು ಎಂದು ಯೋಚನೆ ಬಂದು, ನೀರು ಕುಡಿದ.

ಹತ್ತೂವರೆಗೆ ಕ್ಯಾಪ್ಟನ್ ಟೋಪಿ ಹಾಕಿಕೊಂಡು ವಿಮಾನದ ಕಡೆ ನಡೆದರು. ಕುರ್ಚಿಗಳು ಬಂದಿದ್ದವು, ಶಾಮಿಯಾನದ ಕಂಬಕ್ಕೆ ಬಾಳೆಯ ಬದಲು ಶೇಂಗಾ ಗಿಡ ಕಟ್ಟಿದ್ದರು, ಹುಳ ತಿನ್ನದೆ ಬಿಟ್ಟ ಗಿಡಗಳನ್ನು ಎಲ್ಲಿಂದಲೋ ಹುಡುಕಿ ತಂದಿದ್ದರು. ಜುಂಜಪ್ಪ ಕುರಿಗಳನ್ನು ಒಟ್ಟು ಮಾಡಿ, ನಾಯಿಯನ್ನು ಕರೆದು, ಕೊನೆಗೆ ಜಾಲಿಮರದ ಕೆಳಗೆ ಬಂದು ಕಂಬಳಿಯ ಒಂದು ಮೂಲೆ ಹಿಡಿದ. ಮುರುಗಪ್ಪನವರು ಇನ್ನೂ ಅದರ ಮೇಲೆಯೇ ಕೂತು ಸ್ವಾಗತ ಭಾಷಣ ಓದಿಕೊಳ್ಳುತ್ತಿದ್ದರು.

“ಏಳ್ರಿ ಸಾಹೇಬ್ರೆ, ಕಂಬಳಿ ತಗಂಡು ಹೋಗ್ತೀನಿ. ನೀವು ಬರ್ದಿದ್ದು ಬರ್ದಾಗಿದೆಯಲ್ಲ.”

ಮುರುಗಪ್ಪನವರು ಏಳಲು ಕೈ ಊರಿದರು. ಆ ಹೊತ್ತಿಗೆ ಗೋವಿಂದಪ್ಪ ಎಣ್ಣೆಯ ಪ್ಯಾಂಟಿನಲ್ಲೇ ಬಂದು ಕಂಬಳಿಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. ಯಾಕೆ ಕೂತೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಮೂಲೆ ಎಳೆದರೆ ತನ್ನ ಕಾಲ ಕೆಳಗಿನ ನೆಲ ಹೋಗುತ್ತದೆ ಎಂದು ಅನಿಸಿತ್ತು, ಅವನು ಅದರ ಮೇಲೆ ನಿಂತಿರದಿದ್ದರೂ.

“ಕುರೀದಲ್ಲ ಸಾರ್ ಅದು, ನಂದು,” ಎಂದ. “ಚರ್ಮ ಕಳದೋಯ್ತು. ಕಂಬಳಿ ತುಂಡು ಕಟ್ಟಿ ಸೋಸಿದೆ. ಗಂಜಿ ತೊಳೀಲಿಲ್ಲ. ಟ್ಯಾಂಕ್ ಒಳಗೆ ಇನ್ನೂ ಐತೆ.”

ಮುರುಗಪ್ಪನವರು ಸುತ್ತ ನೋಡಿದರು. ಆಮೇಲೆ ದನಿ ತಗ್ಗಿಸಿ ತಂದೆಯಂತೆ ಮಾತಾಡಿದರು. ವರದಿ ಆಗಲೇ ದುರ್ಗದ ಜಿಲ್ಲಾ ಕಚೇರಿಗೆ ಹೋಗಿದೆ, ಮೂರು ಪ್ರತಿಗೂ ಸಹಿಯಾಗಿದೆ. ಅದೂ ಅಲ್ಲದೆ ಇನ್ನರ್ಧ ಗಂಟೆಗೆ ಮಂತ್ರಿಗಳಿಗೆ ಹೊದಿಸುವುದು ಕಂಬಳಿಯನ್ನೇ. ವಿಮಾನ ಕೆಟ್ಟದ್ದು ಕಂಬಳಿಯಿಂದ ಎಂದರೆ ಒಂದು ಸಮಾಜದ ಮನಸ್ಸಿಗೆ ನೋವಾಗುತ್ತದೆ, ವಿಧಾನಸಭೆಯಲ್ಲಿ ಪ್ರಶ್ನೆ ಏಳುತ್ತದೆ. ಕುರಿ ಎಂದರೆ ಯಾರಿಗೂ ನೋವಿಲ್ಲ.

“ಕುರಿಗೆ ಓಟಿಲ್ಲ ಬಿಡ್ರಿ,” ಎಂದ ಜುಂಜಪ್ಪ, ಮೂಲೆ ಬಿಡದೆ.

ಗೋವಿಂದಪ್ಪ ಅಲ್ಲಿಂದಲೇ, ಕಂಬಳಿ ಬಿಟ್ಟು ಏಳದೆ, ವಿಮಾನದ ಕಡೆ ತಿರುಗಿ ಹಿಂದಿಯಲ್ಲಿ ಕೂಗಿದ. ಹರಿವು ನೋಡಿಲ್ಲ ಸಾಬ್, ಸುಳ್ಳು ಹೇಳಿದ್ದೆ. ರೆಕ್ಕೆಯ ಮೇಲೆ ಒಂದು ಕಾಲಿಟ್ಟಿದ್ದ ಕ್ಯಾಪ್ಟನ್ ಹಾಗೇ ನಿಂತರು. ಆಮೇಲೆ ಕಾಲು ಇಳಿಸಿದರು. ಅವರು ಬೈಯಲಿಲ್ಲ. ಡಬ್ಬ ತರಲು ಹೇಳಿ, ಕೈಗಡಿಯಾರ ಬಿಚ್ಚಿ ಹಿಡಿದರು. ಕೊಳವೆಯ ಬಾಯಿ ಕಳಚಿದಾಗ ಪೆಟ್ರೋಲು ಮೊದಲು ಹೆಬ್ಬೆರಳು ದಪ್ಪ ಬಂತು, ಸ್ವಲ್ಪ ಹೊತ್ತಿಗೆ ಕಿರುಬೆರಳಾಯಿತು, ಆಮೇಲೆ ದಾರ, ಆಮೇಲೆ ತೊಟ್ಟು. ಎರಡು ನಿಮಿಷಕ್ಕೆ ತುಂಬಬೇಕಾದ ಡಬ್ಬದ ತಳ ಕೂಡ ಸರಿಯಾಗಿ ಮುಚ್ಚಲಿಲ್ಲ. ಎಲ್ಲರೂ ಆ ತೊಟ್ಟುಗಳನ್ನು ನೋಡುತ್ತ ನಿಂತರು. ಟ್ಯಾಂಕನ್ನು ತಳದಿಂದ ಡ್ರಮ್ಮಿಗೆ ಬಿಟ್ಟು, ತೋಳನ್ನು ಒಳಗೆ ಹಾಕಿ ಗೋವಿಂದಪ್ಪ ಜಾಲರಿ ಬಿಚ್ಚಿ ತೆಗೆದ. ಜಾಲರಿಯ ಸುತ್ತ ಕರೀ ಉಣ್ಣೆ ಗಂಜಿಯಲ್ಲಿ ಹದವಾಗಿ ಮೆತ್ತಿಕೊಂಡು, ಯಾರೋ ಕೂತು ನೇಯ್ದಂತೆ ಒಂದು ಸಣ್ಣ ಕುಲಾವಿಯಾಗಿತ್ತು. ಕ್ಯಾಪ್ಟನ್ ಒಂದು ಎಳೆ ಎಳೆದು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು. ಲಾಗ್ ಪುಸ್ತಕದಲ್ಲಿ ನಿನ್ನ ಕೈಯಿಂದಲೇ ಬರೆ, ಇದ್ದದ್ದು ಇದ್ದ ಹಾಗೆ ಎಂದರು. ನಾನ್‌ಖಟಾಯಿಯ ಡಬ್ಬಿ ಇನ್ನು ತನ್ನ ಕಡೆ ಬರುವುದಿಲ್ಲ ಎಂದು ಗೋವಿಂದಪ್ಪನಿಗೆ ತಿಳಿಯಿತು. ಕೆಲಸ ಹೋಗುವುದೂ ತಿಳಿಯಿತು. ಆ ಎರಡರಲ್ಲಿ ಮೊದಲನೆಯದೇ ಹೆಚ್ಚು ಚುಚ್ಚಿತು.

ಮುರುಗಪ್ಪನವರು ನಾಗಣ್ಣನನ್ನು ಕರೆದು ತಿದ್ದುಪಡಿ ಎಂದು ಹಾಕಿ ಹೊಸ ಕಾಗದ ಏರಿಸಲು ಹೇಳಿದರು. ಪೈಲಟ್ ಹಾರಲು ಒಪ್ಪದಿದ್ದ ಮೇಲೆ ಕುರಿಗಳಿಂದ ಪ್ರಯೋಜನವಿರಲಿಲ್ಲ. ಕಾವಲುಗಾರ ಇರಲಿ, ಕುರಿಗಳೂ ಇರಲಿ, ಇಂಧನ ಸೇರಿದ ವಸ್ತುವಿನ ಹೆಸರು ಮಾತ್ರ ಬೇಡ, ನಾರು ಎಂದು ಬರೆ ಎಂದರು. ಮಂತ್ರಿಗಳಿಗೆ ನಿಂತ ವಿಮಾನಕ್ಕೇ ಬಾವುಟ ಬೀಸಲು ಹೇಳಬಹುದೇ ಎಂದು ಅವರು ಯೋಚಿಸತೊಡಗಿದ್ದರು.

ಹೆದ್ದಾರಿಯ ಕಡೆಯಿಂದ ಮಲ್ಲಕ್ಕ ನಡೆದು ಬಂದದ್ದು ಆಗ. ತಲೆಯ ಮೇಲೆ ಸನ್ಮಾನದ ಕಂಬಳಿಯ ಗಂಟು, ಕಂಕುಳಲ್ಲಿ ಇನ್ನೊಂದು ಸಣ್ಣ ಗಂಟು. ಬಸ್ಸಿನಲ್ಲಿ ನಿಂತೇ ಬಂದ ಕಾಲು ಊದಿದ್ದವು. ಅವಳು ಯಾರ ಮುಖವನ್ನೂ ಓದಲಿಲ್ಲ, ಮಗನನ್ನೂ ಹಳದಿ ವಿಮಾನವನ್ನೂ ಒಟ್ಟಿಗೇ ನೋಡಿ, ಎರಡೂ ಅವಳದೇ ಎಂಬಂತೆ ನಕ್ಕಳು. ಜುಂಜಪ್ಪ ಅವಳನ್ನು ಕರೆದು ಕಂಬಳಿಯ ಮೇಲೆ ಕೂರಿಸಿದ. ಗೋವಿಂದಪ್ಪ ಬಂದು ಎದುರಿಗೆ ಕಂಬಳಿಯ ಮೇಲೇ ನಿಂತ. ಕೈಯಲ್ಲಿ ಜಾಲರಿ ಹಾಗೇ ಇತ್ತು, ಹೆಬ್ಬೆರಳಿನಿಂದ ಮುಚ್ಚುವಷ್ಟು ಸಣ್ಣದಿರಲಿಲ್ಲ. ಅವಳು ಅದನ್ನು ಮುಟ್ಟಿ ನೋಡಿದಳು. ಉಣ್ಣೆಯನ್ನು ಎರಡು ಬೆರಳಲ್ಲಿ ಹೊಸೆದು ಗುರುತು ಹಿಡಿದಳು.

“ನಮ್ಮದೇ ಅಲ್ಲೇನೋ ಇದು,” ಎಂದಳು. “ಸಾಲ್ಲಿಲ್ಲೇನಪ್ಪ? ಅಂದ್ಕಂಡೆ ನಾನು. ಇನ್ನೊಂದು ತುಂಡು ತಂದೀನಿ ನೋಡು, ಇದಕ್ಕೆ ಗಂಜಿ ಇನ್ನೂ ಚೆಂದಾಗಿ ಹಾಕೀನಿ.”

ನಾಗಣ್ಣನ ಟೈಪ್‌ರೈಟರ್ ನಿಂತಿತು. ಹೆದ್ದಾರಿಯಲ್ಲಿ ಮಂತ್ರಿಗಳ ಕಾರುಗಳ ಧೂಳು ಎದ್ದಿತ್ತು. ಅವಳು ಗಂಟು ಬಿಚ್ಚುತ್ತ, ತಲೆಯೆತ್ತದೆ ಕೇಳಿದಳು. “ಉಪಯೋಗಕ್ಕೆ ಬಂತೇನಪ್ಪ, ಮೊದಲಿಂದು?”

ಗೋವಿಂದಪ್ಪ ಬಾಯಿ ತೆರೆದ. ಆಮೇಲೆ ಕಾಲ ಕೆಳಗೆ ನೋಡಿಕೊಂಡ. ಮೊದಲು ಒಂದು ಕಾಲನ್ನು, ಆಮೇಲೆ ಇನ್ನೊಂದನ್ನು ಎತ್ತಿ ಕಂಬಳಿಯಿಂದ ಇಳಿದು, ಕೆಂಪು ಮಣ್ಣಿನ ಮೇಲೆ ನಿಂತುಕೊಂಡ. ಜುಂಜಪ್ಪ ಅದನ್ನು ಕಂಡು, ಕುರಿಗಳ ಕಡೆ ಮುಖ ತಿರುಗಿಸಿದ.

“ಬಂತವ್ವ,” ಎಂದ ಗೋವಿಂದಪ್ಪ. “ಭಾಳ ಉಪಕಾರಾತು.”